ಜೇಬಿನ ಕಿಟ್, ಚೀಲದ ಕಿಟ್: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಿಗೆ ಓಡಾಡುವವರು, ಅಪಾರ್ಟ್‌ಮೆಂಟಿನವರು, ಭಾನುವಾರ ಬಂತೆಂದರೆ ಬೆಟ್ಟ ಹತ್ತುವವರು, ಎಲ್ಲರೂ ತುರ್ತಿಗೆಂದು ಜತೆಯಲ್ಲಿಟ್ಟುಕೊಳ್ಳುವ ಕಿಟ್ ಬಗ್ಗೆ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಔಷಧಿಯ ಪ್ರಶ್ನೆ, ಮಳೆಯ ಪ್ರಶ್ನೆ ಎರಡನ್ನಾದರೂ ಓದಿ.

ನಾನು ಕಾಡಿಗೆ ಹೋಗೋನಲ್ಲ, ಜಯನಗರದಿಂದ ವೈಟ್‌ಫೀಲ್ಡ್‌ಗೆ ಹೋಗಿ ಬರೋನು. ನನಗ್ಯಾಕೆ ಕಿಟ್ಟು?

ನಿಮಗೇ ಹೆಚ್ಚು ಬೇಕು. ಕಾಡಿಗೆ ಹೊರಟವರು ಹೇಗೂ ತಯಾರಿ ಮಾಡಿಕೊಂಡೇ ಹೋಗುತ್ತಾರೆ. ವೈಟ್‌ಫೀಲ್ಡಿಗೆ ಹೊರಟವರ ಚೀಲದಲ್ಲಿ ಇರುವುದು ಒಂದು ಲ್ಯಾಪ್‌ಟಾಪು, ಒಂದು ಊಟದ ಡಬ್ಬಿ, ಅರ್ಧ ಚಾರ್ಜ್ ಆದ ಫೋನು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ ನೀರು ನುಗ್ಗಿ, ಸಾಫ್ಟ್‌ವೇರ್ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದು ಇನ್ನೂ ಯಾರಿಗೂ ಮರೆತಿಲ್ಲ.

ಈ ಊರಿನಲ್ಲಿ ಸಹಾಯ ದೂರವಿಲ್ಲ. ಆಸ್ಪತ್ರೆ ಎರಡು ಕಿಲೋಮೀಟರಿನೊಳಗೆ ಸಿಗುತ್ತದೆ, ಮೆಡಿಕಲ್ ಶಾಪು ಮುಂದಿನ ಸಿಗ್ನಲ್ಲಿನಲ್ಲೇ ಇರುತ್ತದೆ. ಆದರೆ ಜೋರು ಮಳೆ ಸುರಿದ ಸಂಜೆ ಆ ಎರಡು ಕಿಲೋಮೀಟರಿಗೆ ಎರಡು ಗಂಟೆ ಹಿಡಿಯುತ್ತದೆ. ಕಿಟ್ ಇರುವುದು ಆ ಎರಡು ಗಂಟೆಗೋಸ್ಕರ. ಈ ಲೆಕ್ಕ ತಲೆಯಲ್ಲಿದ್ದರೆ ಏನಿಡಬೇಕು, ಏನು ಬಿಡಬೇಕು ಅನ್ನುವುದರಲ್ಲಿ ಅರ್ಧ ಗೊಂದಲ ಕಳೆಯುತ್ತದೆ. ಮೀನಿನ ಗಾಳ, ಚಕಮಕಿ ಕಲ್ಲು, ತಂತಿ ಗರಗಸ ಬೇಡ. ಬೆಳಕು, ಫೋನಿಗೆ ಜೀವ, ಗಾಯಕ್ಕೆ ಪಟ್ಟಿ, ಕುಡಿಯಲು ನೀರು, ಒಂದಿಷ್ಟು ಚಿಲ್ಲರೆ ಬೇಕು.

ಒಂದೇ ಕಿಟ್ ಸಾಕಾ?

ಮೂರು ಕಡೆ ಹಂಚಿಡಿ. ಮೈಮೇಲೆ ಇರುವುದು ಒಂದು, ಅಂದರೆ ಜೇಬು ಮತ್ತು ಕೀಚೈನು. ಚೀಲದೊಳಗಿನ ಪೌಚು ಇನ್ನೊಂದು. ಗಾಡಿಯ ಡಿಕ್ಕಿಯಲ್ಲೋ ಕಾರಿನಲ್ಲೋ ಇಡುವುದು ಮೂರನೆಯದು. ಚೀಲವನ್ನು ಆಫೀಸಿನಲ್ಲಿ ಬಿಟ್ಟು ಟೀ ಕುಡಿಯಲು ಕೆಳಗಿಳಿದಾಗಲೇ ಭೂಮಿ ಆಕಾಶ ಒಂದಾಗುವ ಮಳೆ ಬರಬಹುದು. ಹಾಗಾಗಿ ತೀರಾ ಮುಖ್ಯವಾದದ್ದು ಮೈಮೇಲೇ ಇರಬೇಕು.

ಹಳ್ಳಿಯ ಅಜ್ಜಂದಿರ ಎಲೆಅಡಿಕೆ ಸಂಚಿ ನೋಡಿದ್ದರೆ ಈ ಮಾತು ಬೇಗ ಹಿಡಿಯುತ್ತದೆ. ಒಂದು ಪದರದಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಮೂಲೆಯಲ್ಲಿ ಸುಣ್ಣದ ಡಬ್ಬಿ, ಒಳಗಿನ ಜೇಬಿನಲ್ಲಿ ದುಡ್ಡು. ಕತ್ತಲಲ್ಲೂ ಕೈ ಹಾಕಿದರೆ ಬೇಕಾದದ್ದೇ ಬರುತ್ತಿತ್ತು. ನಿಮ್ಮ ಪೌಚನ್ನೂ ಹಾಗೆ ಜೋಡಿಸಿ: ಯಾವುದು ಎಲ್ಲಿದೆ ಅಂತ ಕಣ್ಣಿಗಿಂತ ಮೊದಲು ಕೈಗೆ ಗೊತ್ತಿರಬೇಕು.

ಜೇಬಿನಲ್ಲಿ ಏನಿರಬೇಕು?

ಫೋನು, ಮನೆ ಕೀಲಿ, ಕೀಚೈನಿಗೆ ಹೆಬ್ಬೆರಳಿನಷ್ಟು ದೊಡ್ಡ ಟಾರ್ಚು, ಒಂದು ಸೀಟಿ. ಪರ್ಸಿನಲ್ಲಿ ನಗದು. ಯುಪಿಐ ಬಂದಮೇಲೆ ನೋಟು ಇಟ್ಟುಕೊಳ್ಳುವ ರೂಢಿ ಹೋಗಿದೆ. ನೆಟ್‌ವರ್ಕ್ ಕೈಕೊಟ್ಟ ರಾತ್ರಿ ಆಟೋದವರಿಗೆ, ಎಳನೀರಿನವರಿಗೆ ಕೊಡಲು ನೋಟೇ ಬೇಕು. ಐನೂರರ ಒಂದು ನೋಟಿಗಿಂತ ನೂರು, ಐವತ್ತು, ಇಪ್ಪತ್ತರ ನೋಟುಗಳು ಉಪಯೋಗಕ್ಕೆ ಬರುತ್ತವೆ. ಅಂಥ ಹೊತ್ತಿನಲ್ಲಿ ಯಾರ ಹತ್ತಿರವೂ ಚಿಲ್ಲರೆ ಇರುವುದಿಲ್ಲ.

ಇನ್ನೊಂದು, ಒಂದು ತುಂಡು ಕಾಗದ. ಅದರ ಮೇಲೆ ನಿಮ್ಮ ಹೆಸರು, ರಕ್ತದ ಗುಂಪು, ಆಗದ ಔಷಧಿ, ದಿನಾ ತೆಗೆದುಕೊಳ್ಳುವ ಮಾತ್ರೆ, ಮನೆಯವರ ಎರಡು ನಂಬರು. ಫೋನ್ ಆಫ್ ಆದರೆ ನಮ್ಮಲ್ಲಿ ಎಷ್ಟು ಜನಕ್ಕೆ ಹೆಂಡತಿಯ ನಂಬರ್ ಬಾಯಲ್ಲಿ ಬರುತ್ತದೆ? ಜೆಲ್ ಪೆನ್ನಿನಲ್ಲಿ ಬರೆದರೆ ನೆನೆದಾಗ ಅಳಿಸಿಹೋಗುತ್ತದೆ, ಪೆನ್ಸಿಲ್ಲಿನಲ್ಲಿ ಬರೆದು ಮೇಲೆ ಸೆಲ್ಲೋ ಟೇಪ್ ಅಂಟಿಸಿ. ಫೋನಿನ ಲಾಕ್ ಸ್ಕ್ರೀನಿನಲ್ಲೂ ತುರ್ತು ಮಾಹಿತಿ ತುಂಬಿಡಿ. ನೀವು ಎಚ್ಚರ ತಪ್ಪಿ ಬಿದ್ದಿದ್ದರೆ ಅನ್‌ಲಾಕ್ ಮಾಡದೆಯೇ ಬೇರೆಯವರು ಅದನ್ನು ಓದಬಹುದು.

ಪೌಚಿನೊಳಗೆ?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಜನ ಜಾಸ್ತಿ ತುಂಬುವುದೂ ಇಲ್ಲೇ, ಮುಖ್ಯವಾದದ್ದನ್ನು ಮರೆಯುವುದೂ ಇಲ್ಲೇ.

ಮೊದಲು ಪವರ್ ಬ್ಯಾಂಕು, ಅದಕ್ಕೆ ಗೇಣುದ್ದದ ಕೇಬಲ್. ಒಂದು ಸೆಲ್ಲಿನ ಟಾರ್ಚು. ಗಾಯಕ್ಕೆ ಅಂಟಿಸುವ ಪಟ್ಟಿ ಏಳೆಂಟು, ಸ್ಟೆರೈಲ್ ಗಾಜ್ ಬಟ್ಟೆ ಎರಡು ಪೊಟ್ಟಣ, ಒಂದು ಸುರುಳಿ ಬ್ಯಾಂಡೇಜ್, ಮೈಕ್ರೋಪೋರ್ ಟೇಪು. ಮುಳ್ಳು ತೆಗೆಯಲು ಚಿಮುಟ. ಒಂದು ಜೊತೆ ಕೈಗವಸು, ಬೇರೆಯವರ ರಕ್ತ ಮುಟ್ಟಬೇಕಾದಾಗ ಅದಿಲ್ಲದೆ ಕೈ ಹಿಂದೇಟು ಹಾಕುತ್ತದೆ. ಒಆರ್‌ಎಸ್ ಎರಡು ಪೊಟ್ಟಣ. ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಪೇಪರ್ ಸೋಪು. ಒಂದು ಎನ್95 ಮಾಸ್ಕು, ಮೆಟ್ರೋ ಕಾಮಗಾರಿಯ ಧೂಳಿಗೂ ಆಯಿತು, ಆಸ್ಪತ್ರೆಯಲ್ಲಿ ಕಾಯುವುದಕ್ಕೂ ಆಯಿತು.

ಸೂಜಿಗೆ ಮೊದಲೇ ದಾರ ಪೋಣಿಸಿ, ಒಂದು ರಟ್ಟಿನ ಚೂರಿಗೆ ಸುತ್ತಿಡಿ. ಅದೇ ರಟ್ಟಿಗೆ ನಾಲ್ಕು ಪಿನ್ನು ಚುಚ್ಚಿಡಿ, ಎರಡು ರಬ್ಬರ್ ಬ್ಯಾಂಡು ಹಾಕಿ. ಡಕ್ಟ್ ಟೇಪನ್ನು ಸುರುಳಿಗಟ್ಟಲೆ ಹೊರುವುದು ಬೇಡ. ಹಳೇ ಎಟಿಎಂ ಕಾರ್ಡಿಗೆ ಒಂದು ಮೀಟರಿನಷ್ಟು ಸುತ್ತಿಕೊಂಡರೆ ಚಪ್ಪಲಿಯ ಬಾರಿನಿಂದ ಹಿಡಿದು ಮುರಿದ ಇಂಡಿಕೇಟರಿನವರೆಗೆ ಎಲ್ಲಕ್ಕೂ ಸಾಕು. ಕೇಬಲ್ ಟೈ ನಾಲ್ಕು ಇರಲಿ. ದಪ್ಪ ಪ್ಲಾಸ್ಟಿಕ್ಕಿನ ಜಿಪ್ ಕವರು ಎರಡು: ಮಳೆಯಲ್ಲಿ ಒಂದರೊಳಗೆ ಫೋನು, ಇನ್ನೊಂದರೊಳಗೆ ಪರ್ಸು. ದೊಡ್ಡ ಕಸದ ಕವರು ಒಂದು, ತಳದಲ್ಲಿ ತಲೆ ತೂರುವಷ್ಟು ಕತ್ತರಿಸಿದರೆ ರೈನ್‌ಕೋಟು.

ಇಷ್ಟೆಲ್ಲದರ ಜತೆ ಒಂದು ತೆಳು ಹತ್ತಿ ಟವೆಲ್ಲು. ಚೌಕುಳಿ ಚೌಕುಳಿಯದು, ಊರ ಕಡೆ ಹೆಗಲ ಮೇಲೆ ಹಾಕಿಕೊಳ್ಳುವಂಥದ್ದು. ಪೌಚಿನ ಅರ್ಧ ಸಾಮಾನು ಮಾಡುವ ಕೆಲಸವನ್ನು ಅದೊಂದೇ ಮಾಡುತ್ತದೆ. ಕೈ ಉಳುಕಿದರೆ ಮೂಲೆಯಿಂದ ಮೂಲೆಗೆ ಮಡಚಿ, ಮೊಣಕೈ ಒಳಗೆ ಕೂತುಕೊಳ್ಳುವಂತೆ ಇಟ್ಟು, ಎರಡು ತುದಿಯನ್ನು ಕತ್ತಿನ ಪಕ್ಕ ಗಂಟು ಹಾಕಿದರೆ ಜೋಳಿಗೆ. ಗಂಟು ಕತ್ತಿನ ಹಿಂದೆ ಮೂಳೆಯ ಮೇಲೆ ಬೀಳಬಾರದು, ಹತ್ತು ನಿಮಿಷದಲ್ಲಿ ನೋಯಲು ಶುರುವಾಗುತ್ತದೆ. ನಾಲ್ಕು ಮಡಿಕೆ ಮಾಡಿದರೆ ರಕ್ತ ಒತ್ತಿಹಿಡಿಯಲು ದಪ್ಪ ಬಟ್ಟೆ, ಒದ್ದೆ ಮಾಡಿದರೆ ಹೊಗೆಯಲ್ಲಿ ಮೂಗಿಗೆ ಅಡ್ಡ, ಬಿಚ್ಚಿದರೆ ಮಗುವಿನ ತಲೆಗೆ ಬಿಸಿಲಿನ ಮರೆ. ಟರ್ಕಿ ಟವೆಲ್ ಬೇಡ, ದಪ್ಪ ಮತ್ತು ಒಣಗುವುದಿಲ್ಲ.

ತೂಕ ಎಷ್ಟಿರಬೇಕು?

ಅರ್ಧ ಕೇಜಿ ದಾಟಬಾರದು. ದಾಟಿದರೆ ಮೂರನೇ ವಾರಕ್ಕೆ ಮನೆಯಲ್ಲೇ ಉಳಿಯುತ್ತದೆ.

ತಗಡಿನ ಡಬ್ಬಿ ಒಳ್ಳೆಯದಾ, ಬಟ್ಟೆ ಪೌಚಾ?

ಪೌಚು. ಮಕ್ಕಳ ಪೆನ್ಸಿಲ್ ಪೌಚಾದರೂ ಸರಿ, ಬಣ್ಣ ಎದ್ದು ಕಾಣುವಂತಿರಲಿ, ಕಪ್ಪು ಚೀಲದೊಳಗೆ ಕಪ್ಪು ಪೌಚು ಕಾಣುವುದೇ ಇಲ್ಲ. ಡಬ್ಬಿಯೇ ಬೇಕೆನ್ನುವವರು ಹಳೇ ಕಂಪಾಸ್ ಬಾಕ್ಸ್ ಬಳಸಬಹುದು, ಆದರೆ ಗಡಗಡ ಸದ್ದು ಮಾಡುತ್ತದೆ, ಒಳಗೆ ನೀರು ಹೋದರೆ ತುಕ್ಕು ಹಿಡಿಯುತ್ತದೆ.

ಫೋನಿನಲ್ಲೇ ಟಾರ್ಚ್ ಇದೆಯಲ್ಲ?

ಇದೆ. ಕರೆಂಟ್ ಹೋದಾಗ, ಲಿಫ್ಟ್ ಮಧ್ಯದಲ್ಲಿ ನಿಂತಾಗ, ರಾತ್ರಿ ಗಾಡಿ ಪಂಚರ್ ಆದಾಗ ನಿಮಗೆ ಫೋನು ಬೇಕಿರುವುದು ಕರೆ ಮಾಡಲು. ಆ ಹೊತ್ತಿನಲ್ಲಿ ಅದರ ಚಾರ್ಜನ್ನು ಬೆಳಕಿಗೆ ಸುಡುವುದು ಸರಿಯಲ್ಲ. ಎಎ ಅಥವಾ ಎಎಎ ಸೆಲ್ ಒಂದೇ ಒಂದು ಹಾಕುವ ಟಾರ್ಚ್ ತೆಗೆದುಕೊಳ್ಳಿ, ಆ ಸೆಲ್ಲು ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಬೆಳಕಿನ ಅಳತೆ ಲ್ಯೂಮೆನ್, ಐವತ್ತರಿಂದ ನೂರು ಲ್ಯೂಮೆನ್ ಧಾರಾಳವಾಯಿತು. ಸಾವಿರಗಟ್ಟಲೆ ಲ್ಯೂಮೆನ್ ಅಂತ ಪೊಟ್ಟಣದ ಮೇಲೆ ಬರೆದಿರುವ ಅಗ್ಗದ ಟಾರ್ಚುಗಳನ್ನು ನಾನು ನಂಬುವುದಿಲ್ಲ. ಆಲ್ಕಲೈನ್ ಸೆಲ್ಲನ್ನು ತಿಂಗಳಾನುಗಟ್ಟಲೆ ಒಳಗೇ ಬಿಟ್ಟರೆ ಸೋರಿ ಟಾರ್ಚನ್ನೇ ಕೆಡಿಸುತ್ತದೆ, ದಿನಾ ಬಳಸದಿದ್ದರೆ ಸೆಲ್ಲನ್ನು ಹೊರಗೆ ತೆಗೆದು ಪಕ್ಕದಲ್ಲೇ ಟೇಪಿನಲ್ಲಿ ಅಂಟಿಸಿಡಿ.

ಲಿಫ್ಟಿನ ಮಾತು ಬಂತಲ್ಲ: ನಿಂತುಹೋದ ಲಿಫ್ಟಿನ ಬಾಗಿಲನ್ನು ಕೈಯಿಂದ ಎಳೆದು ತೆರೆದು ಇಳಿಯಲು ಹೋಗಬೇಡಿ. ಅಲಾರಂ ಒತ್ತಿ, ಸೆಕ್ಯೂರಿಟಿಗೆ ಕರೆ ಮಾಡಿ, ಕೂತು ಕಾಯಿರಿ. ಅರ್ಧದಲ್ಲಿ ನಿಂತ ಲಿಫ್ಟಿನಿಂದ ಹೊರಗೆ ಬರುವಾಗ ಅದು ಅಲುಗಿದರೆ ಪ್ರಾಣಕ್ಕೇ ಸಂಚಕಾರ.

ಪವರ್ ಬ್ಯಾಂಕ್ ಎಷ್ಟು ದೊಡ್ಡದಿರಬೇಕು?

10,000 ಎಂಎಎಚ್ ಸಾಕು. ಒಳಗಿನ ಬ್ಯಾಟರಿ 3.7 ವೋಲ್ಟಿನದು, ಫೋನಿಗೆ ಹೋಗುವುದು 5 ವೋಲ್ಟಾಗಿ, ಬದಲಾವಣೆಯಲ್ಲಿ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಹೀಗಾಗಿ ಕೈಗೆ ಸಿಗುವುದು 6,000ದ ಆಸುಪಾಸು. 5,000 ಎಂಎಎಚ್ ಬ್ಯಾಟರಿಯ ಫೋನು ಒಂದು ಸಲ ಪೂರ್ತಿ ತುಂಬಿ ಸ್ವಲ್ಪ ಮಿಕ್ಕುತ್ತದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಗುರುತು ಇರುವುದನ್ನೇ ಕೊಳ್ಳಿ. ಉಬ್ಬಿದ ಪವರ್ ಬ್ಯಾಂಕನ್ನು ಒಂದು ದಿನವೂ ಚೀಲದಲ್ಲಿಡಬೇಡಿ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೂ ಬೇಡ.

ಯಾವ ಔಷಧಿ ಇಟ್ಟುಕೊಳ್ಳಬೇಕು?

ಮೊದಲು ನಿಮ್ಮದೇ ಔಷಧಿ. ಬಿಪಿ, ಶುಗರ್, ಥೈರಾಯ್ಡ್, ಉಬ್ಬಸದ ಇನ್‌ಹೇಲರ್, ಯಾವುದಿದ್ದರೂ ಎರಡು ದಿನಕ್ಕಾಗುವಷ್ಟು. ಸ್ಟ್ರಿಪ್ಪನ್ನು ಕತ್ತರಿಸುವಾಗ ಹೆಸರು, ಎಕ್ಸ್‌ಪೈರಿ ತಾರೀಖು ಇರುವ ತುದಿಯನ್ನು ಬಿಡಬೇಡಿ. ಹೆಸರಿಲ್ಲದ ಬಿಡಿ ಮಾತ್ರೆ ಯಾರಿಗೂ ಉಪಯೋಗವಿಲ್ಲ.

ಜ್ವರಕ್ಕೆ, ನೋವಿಗೆ ಪ್ಯಾರಸಿಟಮಾಲ್ 500. ದೊಡ್ಡವರಿಗೆ ಒಂದೋ ಎರಡೋ ಮಾತ್ರೆ, ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರ, ಇಪ್ಪತ್ತನಾಲ್ಕು ಗಂಟೆಯಲ್ಲಿ ಒಟ್ಟು 4 ಗ್ರಾಂ ಮೀರಲೇಬಾರದು. ಲಿವರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಜ್ವರ ಬಂದಾಗ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ನುಂಗಬೇಡಿ. ಬೆಂಗಳೂರಿನಲ್ಲಿ ಮಳೆಗಾಲದ ಜ್ವರ ಅಂದರೆ ಡೆಂಗಿ ಇರಬಹುದು, ಡೆಂಗಿಯಲ್ಲಿ ಈ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಅಧಿಸೂಚನೆ ಹೊರಡಿಸಿತು.

ಒಆರ್‌ಎಸ್ ಪೊಟ್ಟಣದಲ್ಲಿ ಎರಡು ಅಳತೆ ಸಿಗುತ್ತದೆ: ದೊಡ್ಡದು ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ. ಚೀಲಕ್ಕೆ ಚಿಕ್ಕದು ಅನುಕೂಲ, ಒಂದು ಲೋಟಕ್ಕೆ ಒಂದು. ದೊಡ್ಡ ಪೊಟ್ಟಣದ ಪುಡಿಯನ್ನು ಅಂದಾಜಿನ ಮೇಲೆ ಅರ್ಧರ್ಧ ಕದಡಬೇಡಿ, ಉಪ್ಪಿನ ಪ್ರಮಾಣ ಏರುಪೇರಾದರೆ ಮಕ್ಕಳಿಗೆ ಅಪಾಯ. ಕೊಳ್ಳುವಾಗ ಡಬ್ಲ್ಯುಎಚ್‌ಒ ಸೂತ್ರದ್ದು ಎಂದು ಬರೆದಿದೆಯಾ ನೋಡಿ, ಸಿಹಿ ಪಾನೀಯದ ಪ್ಯಾಕೆಟ್ಟು ಅದರ ಬದಲಿಗೆ ಆಗುವುದಿಲ್ಲ. ಪೊಟ್ಟಣವೇ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದಲ್ಲಿ ಸಮಕ್ಕೆ ತೀಡಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಆ್ಯಂಟಿಬಯಾಟಿಕ್ ಬೇಡ. ಯಾರೋ ಬರೆಸಿಕೊಂಡು ಮಿಕ್ಕಿದ ಮಾತ್ರೆಯಂತೂ ಬೇಡವೇ ಬೇಡ.

ಸಣ್ಣ ಗಾಯ, ಸುಟ್ಟ ಗಾಯಕ್ಕೆ?

ರಕ್ತ ಬರುತ್ತಿದ್ದರೆ ಗಾಜ್ ಇಟ್ಟು ಅಂಗೈಯಿಂದ ಒತ್ತಿ, ಹತ್ತು ನಿಮಿಷ ಬಿಡದೆ. ನಿಂತಿತಾ ಅಂತ ನಡುನಡುವೆ ಎತ್ತಿ ನೋಡಿದರೆ ಹೆಪ್ಪು ಒಡೆಯುತ್ತದೆ. ಬಟ್ಟೆ ತೊಯ್ದರೆ ಮೇಲೆ ಇನ್ನೊಂದು ಇಡಿ. ಕಾಫಿಪುಡಿ, ಅರಿಶಿನ, ಸುಣ್ಣ ಹಾಕಬೇಡಿ, ಡಾಕ್ಟರು ಮೊದಲು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ.

ಬೈಕಿನ ಸೈಲೆನ್ಸರ್ ತಾಗಿ ಮೀನಖಂಡ ಸುಡುವುದು ನಮ್ಮೂರಿನ ದಿನನಿತ್ಯದ ಗಾಯ. ಇಪ್ಪತ್ತು ನಿಮಿಷ ತಣ್ಣೀರು ಸುರಿಯುತ್ತಿರಿ. ಟೂತ್‌ಪೇಸ್ಟು, ಐಸು, ಇಂಕು ಯಾವುದೂ ಬೇಡ, ಗುಳ್ಳೆ ಒಡೆಯಬೇಡಿ.

ಬೀದಿನಾಯಿ ಕಚ್ಚಿದರೆ ಕಿಟ್‌ನಿಂದ ಏನು ಪ್ರಯೋಜನ?

ಪೇಪರ್ ಸೋಪು ಇಟ್ಟಿರುವುದೇ ಅದಕ್ಕೆ. ಕಚ್ಚಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ರೇಬೀಸ್ ವೈರಸ್ಸಿನ ಮೇಲಿನ ಪೊರೆ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಹತ್ತಿರದ ಹೋಟೆಲಿನ ಕೈತೊಳೆಯುವ ನಲ್ಲಿ, ಪಾರ್ಕಿನ ನಲ್ಲಿ, ಯಾವುದಾದರೂ ಆದೀತು. ಆಮೇಲೆ ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಬೇಕು. ರಕ್ತ ಬಂದಿದ್ದರೆ ಲಸಿಕೆಯ ಜತೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಕೂಡ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ. ಗಾಯ ಚಿಕ್ಕದು, ನಾಳೆ ನೋಡೋಣ ಅನ್ನಬೇಡಿ. ರೋಗದ ಲಕ್ಷಣ ಶುರುವಾದಮೇಲೆ ಉಳಿಸುವ ಔಷಧಿಯಿಲ್ಲ. ಲಸಿಕೆಯ ಮುಂದಿನ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕೊನೆಯ ಡೋಸನ್ನೂ ತಪ್ಪಿಸಬೇಡಿ.

ಚಾಕು ಇಲ್ಲದೆ ಕಿಟ್ ಆಗತ್ತಾ?

ಆಗುತ್ತದೆ. ಊರೊಳಗಿನ ಕಿಟ್ಟಿಗೆ ತುದಿ ಮೊಂಡಾದ ಚಿಕ್ಕ ಕತ್ತರಿ, ಒಂದು ನೇಲ್ ಕಟರ್ ಸಾಕು. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು, ಮನೆ-ಹೊಲ-ಕಸುಬಿನ ಕೆಲಸಕ್ಕೆಂದೇ ಮಾಡಿದ್ದು ಅಲ್ಲದಿದ್ದರೆ, 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧದ ಪಟ್ಟಿಗೆ ಸೇರಿಸುತ್ತವೆ. ಅದಕ್ಕಿಂತ ಚಿಕ್ಕದಾದರೂ ಮೆಟ್ರೋ ತಪಾಸಣೆಯಲ್ಲಿ, ಮಾಲಿನಲ್ಲಿ, ಕೋರ್ಟಿನ ಬಾಗಿಲಲ್ಲಿ ಚಾಕು ಕಂಡರೆ ನಿಲ್ಲಿಸುತ್ತಾರೆ. ಸ್ವರಕ್ಷಣೆಗೆ ಚಾಕು ಅನ್ನುವ ಯೋಚನೆಯನ್ನೇ ಬಿಡಿ. ಜಗಳದಲ್ಲಿ ಅದು ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಸೀಟಿ ಊದಿ, 112ಕ್ಕೆ ಕರೆ ಮಾಡಿ, ಜನ ಇರುವ ಕಡೆ ಓಡಿ.

ಮಳೆಗೆ ಸಿಕ್ಕಿಬಿದ್ದರೆ ಏನು ಮಾಡಬೇಕು? ಕಿಟ್‌ನಲ್ಲಿ ಅದಕ್ಕೆ ಬೇರೆ ಏನಾದರೂ ಬೇಕಾ?

ಬೆಂಗಳೂರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಗಾಳಿಯ ಮಳೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸುರಿಮಳೆ. ಎರಡರ ಅಪಾಯ ಬೇರೆ ಬೇರೆ. ಬೇಸಿಗೆ ಮಳೆಯಲ್ಲಿ ಮರದ ಕೊಂಬೆ ಬೀಳುತ್ತದೆ, ಗುಲ್‌ಮೊಹರಿನಂಥ ಮೆದು ಮರಗಳದ್ದಂತೂ ಹೆಚ್ಚು. ಮಳೆ ಬಂತೆಂದು ಮರದ ಕೆಳಗೆ ಗಾಡಿ ನಿಲ್ಲಿಸಬೇಡಿ. ಅಂಗಡಿಯ ಜಗಲಿ, ಬಸ್ ಸ್ಟಾಪು, ಮೆಟ್ರೋ ನಿಲ್ದಾಣ ಹುಡುಕಿ.

ನೀರು ನಿಂತ ರಸ್ತೆಯಲ್ಲಿ ಎರಡು ಭಯ. ಒಂದು, ಮುಚ್ಚಳವಿಲ್ಲದ ಚರಂಡಿ. ನಡೆಯಲೇಬೇಕಾದರೆ ಕೊಡೆಯ ತುದಿಯಿಂದ ಮುಂದಿನ ಹೆಜ್ಜೆಯ ಜಾಗ ತಡವಿ ನೋಡಿ ಕಾಲಿಡಿ, ರಾಜಕಾಲುವೆಯ ಪಕ್ಕ ಹೋಗಲೇಬೇಡಿ. ಇನ್ನೊಂದು, ಕರೆಂಟು. 2023ರ ನವೆಂಬರಿನಲ್ಲಿ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರ್ಮ್ ಜಂಕ್ಷನ್ನಿನ ಫುಟ್‌ಪಾತಿನಲ್ಲಿ ಬಿದ್ದಿದ್ದ ತಂತಿ ತುಳಿದು ತಾಯಿ, ಒಂಬತ್ತು ತಿಂಗಳ ಮಗು ಇಬ್ಬರೂ ಹೋದರು. ಆವತ್ತು ಅಲ್ಲಿ ಪ್ರವಾಹವೇನೂ ಇರಲಿಲ್ಲ. ಹರಿದು ಬಿದ್ದ ತಂತಿ ಕಂಡರೆ ಹತ್ತು ಮೀಟರ್ ದೂರ ಇರಿ, ಬೇರೆಯವರನ್ನೂ ತಡೆಯಿರಿ, ಬೆಸ್ಕಾಂನ 1912ಕ್ಕೆ ಹೇಳಿ. ಹತ್ತಿರ ಹೋಗಿಬಿಟ್ಟಿದ್ದೀರಿ ಅಂತ ಗೊತ್ತಾದರೆ ದೊಡ್ಡ ಹೆಜ್ಜೆ ಹಾಕಬೇಡಿ. ತಂತಿ ನೆಲಕ್ಕೆ ತಾಗಿದ ಜಾಗದಿಂದ ದೂರ ಹೋದಂತೆ ನೆಲದಲ್ಲಿ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ಎರಡು ಕಾಲಿನ ನಡುವೆ ಅಂತರ ಹೆಚ್ಚಿದಷ್ಟೂ ಮೈಯೊಳಗೆ ಹರಿಯುವ ಕರೆಂಟ್ ಹೆಚ್ಚು. ಪಾದ ಎರಡೂ ಒಂದಕ್ಕೊಂದು ತಾಗಿಕೊಂಡಂತೆ, ನೆಲದಿಂದ ಎತ್ತದೆ, ಜಾರಿಸಿಕೊಂಡು ಹಿಂದೆ ಸರಿಯಿರಿ.

ಅಂಡರ್‌ಪಾಸ್ ವಿಷಯಕ್ಕೆ ಬರೋಣ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ತುಂಬಿದ ನೀರಿಗೆ ಕಾರು ಇಳಿದು ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ವಿಧಾನಸೌಧದಿಂದ ಕೂಗಳತೆಯ ಜಾಗ ಅದು. ನೀರಿನ ತಳ ಕಾಣದಿದ್ದರೆ ಇಳಿಸಬೇಡಿ, ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಇಳಿಸಬೇಡಿ. ಒಂದಡಿ ನೀರು ಚಿಕ್ಕ ಕಾರನ್ನು ತೇಲಿಸಬಲ್ಲದು, ಎರಡಡಿ ಹರಿಯುವ ನೀರು ಹೆಚ್ಚಿನೆಲ್ಲ ಕಾರುಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಕಾರು ಸಿಕ್ಕಿಹಾಕಿಕೊಂಡರೆ ಕರೆ ಮಾಡುತ್ತಾ ಕೂರಬೇಡಿ: ಸೀಟ್ ಬೆಲ್ಟ್ ಬಿಚ್ಚಿ, ಕೂಡಲೇ ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ, ನೀವೂ ಹೊರಬನ್ನಿ. ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ, ಕಿಟಕಿಯ ಮೋಟರು ಕೆಲಸ ಮಾಡುವುದು ಮೊದಲ ಸ್ವಲ್ಪ ಹೊತ್ತು ಮಾತ್ರ.

ಅದಕ್ಕೇ ಕಾರಿನ ಕಿಟ್ಟಿನಲ್ಲಿ ಗಾಜು ಒಡೆಯುವ ಸ್ಪ್ರಿಂಗ್ ಪಂಚ್ ಇರಬೇಕು. ಡಿಕ್ಕಿಯಲ್ಲಿ ಇಟ್ಟರೆ ದಂಡ, ಡ್ರೈವರ್ ಸೀಟಿನಿಂದ ಕೈಗೆ ಸಿಗುವಂತೆ ಕಟ್ಟಿಡಿ. ಮುಂದಿನ ದೊಡ್ಡ ಗಾಜಿಗೆ ಹೊಡೆಯಬೇಡಿ, ಅದು ಎರಡು ಪದರದ ಗಾಜು, ಬಿರುಕು ಬಿಡುತ್ತದೆಯೇ ಹೊರತು ಬೀಳುವುದಿಲ್ಲ. ಪಕ್ಕದ ಕಿಟಕಿಯ ಮೂಲೆಗೆ ಒತ್ತಿ. ಹೊಸ ಕಾರು ಕೆಲವಕ್ಕೆ ಪಕ್ಕದ ಗಾಜೂ ಪದರದ್ದೇ ಇರುತ್ತದೆ, ಗಾಜಿನ ಮೂಲೆಯಲ್ಲಿ ಟೆಂಪರ್ಡ್ ಅಂತಲೋ ಲ್ಯಾಮಿನೇಟೆಡ್ ಅಂತಲೋ ಬರೆದಿರುತ್ತದೆ, ಇವತ್ತೇ ಓದಿ ನೋಡಿ.

ತಿನ್ನಲು, ಕುಡಿಯಲು?

ನೀರಿನ ಬಾಟಲಿ ಅರ್ಧ ಲೀಟರಿನದಾದರೂ ಇರಲಿ. ತಿಂಡಿಗೆ ಕಡಲೆಕಾಯಿ ಚಿಕ್ಕಿ ಒಂದೆರಡು ತುಂಡು, ಇಲ್ಲವೇ ಹುರಿಗಡಲೆ ಬೆಲ್ಲ. ಚಾಕೊಲೇಟು ನಮ್ಮ ಬಿಸಿಲಿಗೆ ಕರಗಿ ಪೌಚೆಲ್ಲ ರಾಡಿ. ಶುಗರ್ ಮಾತ್ರೆ ತೆಗೆದುಕೊಳ್ಳುವವರ ಹತ್ತಿರ ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಯಾವಾಗಲೂ ಇರಬೇಕು, ಟ್ರಾಫಿಕ್ಕಿನಲ್ಲಿ ಊಟದ ಹೊತ್ತು ಮೀರಿದರೆ ಕೈ ನಡುಗಿ ಬೆವರಲು ಶುರುವಾಗುತ್ತದೆ.

ಮನೆಯಲ್ಲಿ ಅಥವಾ ಕಾರಿನಲ್ಲಿ ಇಡಲು ನನ್ನ ಆಯ್ಕೆ ರಾಗಿ ಹುರಿಹಿಟ್ಟು. ಹುರಿದೇ ಬೀಸಿದ ಹಿಟ್ಟಾದ್ದರಿಂದ ಒಲೆ ಬೇಡ, ಗ್ಯಾಸ್ ಬೇಡ. ಲೋಟಕ್ಕೆ ನಾಲ್ಕು ಚಮಚ ಹಿಟ್ಟು, ಒಂದು ಚೂರು ಬೆಲ್ಲ, ನೀರೋ ಹಾಲೋ ಹಾಕಿ ಕಲಸಿದರೆ ಹೊಟ್ಟೆ ತುಂಬುತ್ತದೆ, ಮಕ್ಕಳೂ ತಿನ್ನುತ್ತಾರೆ. ಗಾಳಿಯಾಡದ ಡಬ್ಬಿಯಲ್ಲಿದ್ದರೆ ವಾರಗಟ್ಟಲೆ ಕೆಡುವುದಿಲ್ಲ.

ಟ್ರೆಕ್ ಹೋಗುವಾಗ ಇದೇ ಕಿಟ್ ಸಾಕಾ?

ಪೌಚು ಅದೇ, ಮೇಲೆ ಒಂದಿಷ್ಟು ಸೇರಿಸಿ. ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಬರೀ ಬಂಡೆ. ನೆರಳಿಲ್ಲ, ಮೇಲೆ ಕುಡಿಯುವ ನೀರು ನಂಬಿಕೊಳ್ಳುವ ಹಾಗಿಲ್ಲ. ತಲೆಗೆ ಎರಡು ಲೀಟರ್ ನೀರು, ಟೋಪಿ, ತಲೆಗೆ ಕಟ್ಟುವ ಟಾರ್ಚು, ಬೆಂಕಿಪೊಟ್ಟಣ, ತೆಳ್ಳಗಿನ ತುರ್ತು ಹೊದಿಕೆ, ಫೋನಿನಲ್ಲಿ ಆಫ್‌ಲೈನ್ ಮ್ಯಾಪು. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟೊತ್ತಿಗೆ ಕೆಳಗಿಳಿಯುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ. ದಾರಿ ತಪ್ಪಿದರೆ ಕೂತ ಜಾಗದಿಂದ ಮೂರು ಸಲ ಸೀಟಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಗುಡುಗು ಕೇಳಿದ ತಕ್ಷಣ ಬಂಡೆಯ ನೆತ್ತಿಯಿಂದ ಇಳಿಯಿರಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಹತ್ತಬೇಡಿ.

ನೀರು ಕುದಿಸಬೇಕಾಗಿ ಬಂದರೆ ಕೊತಕೊತ ಕುದಿ ಬಂದಮೇಲೆ ಒಂದು ನಿಮಿಷ ಸಾಕು. ಮೂರು ನಿಮಿಷ ಬೇಕಾಗುವುದು ಸುಮಾರು 2,000 ಮೀಟರ್ ಮೇಲೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಅಷ್ಟು ಮುಟ್ಟುವುದಿಲ್ಲ. ಕ್ಲೋರಿನ್ ಮಾತ್ರೆಯಾದರೆ ಹಾಕಿ ಅರ್ಧ ಗಂಟೆ ಬಿಡಿ, ಕಲಕು ನೀರನ್ನು ಮೊದಲು ಆ ಹತ್ತಿ ಟವೆಲ್ಲಿನಲ್ಲಿ ಸೋಸಿಕೊಳ್ಳಿ.

ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಆನ್‌ಲೈನಿನಲ್ಲಿ ಮಾರುವ ವಿಷ ಹೀರುವ ಪಂಪು ದುಡ್ಡು ದಂಡ. ಉಂಗುರ, ವಾಚು, ಕಾಲ್ಗೆಜ್ಜೆ ತೆಗೆಯಿರಿ, ಊದಿಕೊಂಡಮೇಲೆ ಬರುವುದಿಲ್ಲ. ಕಚ್ಚಿದ ಕೈಯನ್ನೋ ಕಾಲನ್ನೋ ಕೋಲು ಕೊಟ್ಟು ಅಲುಗದಂತೆ ಕಟ್ಟಿ, ಅವರನ್ನು ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ನಾಲ್ಕಕ್ಕೂ ಒಂದೇ.

ಅಪ್ಪ ಅಮ್ಮನಿಗೆ, ಮಕ್ಕಳಿಗೆ ಬೇರೆ ಕಿಟ್ ಬೇಕಾ?

ವಯಸ್ಸಾದವರಿಗೆ ನಂಬರ್ ಬರೆದ ಕಾಗದ, ಎರಡು ದಿನದ ಮಾತ್ರೆ, ಹಳೇ ಕನ್ನಡಕ, ಚಿಲ್ಲರೆ ಇಷ್ಟು ಮುಖ್ಯ. ಅಮ್ಮನ ಕೈಚೀಲದಲ್ಲಿ ಇವುಗಳಲ್ಲಿ ಅರ್ಧ ಆಗಲೇ ಇರುತ್ತದೆ, ಕೇಳಿ ನೋಡಿ ಸೇರಿಸಿ. ಶಾಲೆಯ ಮಕ್ಕಳ ಬ್ಯಾಗಿಗೆ ಸೀಟಿ, ಅಂಟಿಸುವ ಪಟ್ಟಿ, ಅಪ್ಪ ಅಮ್ಮನ ನಂಬರು. ಮಕ್ಕಳ ಬ್ಯಾಗಿನಲ್ಲಿ ಮಾತ್ರೆ ಬೇಡ. ಹೆಣ್ಣುಮಕ್ಕಳ ಪೌಚಿನಲ್ಲಿ ಸ್ಯಾನಿಟರಿ ಪ್ಯಾಡ್ ಎರಡು ಹೆಚ್ಚೇ ಇರಲಿ. ಗಂಡಸರೂ ಒಂದು ಇಟ್ಟುಕೊಳ್ಳಬಹುದು, ಜತೆಯಲ್ಲಿರುವ ಯಾರಿಗಾದರೂ ಬೇಕಾಗುತ್ತದೆ.

ಎಲ್ಲಿ ಕೊಳ್ಳೋದು?

ಅರ್ಧದಷ್ಟು ಮನೆಯಲ್ಲೇ ಇದೆ, ಮೊದಲು ಡ್ರಾಯರ್ ಜಾಲಾಡಿ. ಪಟ್ಟಿ, ಗಾಜ್, ಒಆರ್‌ಎಸ್ ಬೀದಿಯ ಮೆಡಿಕಲ್ ಶಾಪಿನಲ್ಲಿ. ಟಾರ್ಚು, ಕೇಬಲ್ಲು, ಸೆಲ್ಲಿಗೆ ಎಸ್.ಪಿ. ರಸ್ತೆ, ಅಲ್ಲಿ ಹಾಕಿ ಬೆಳಗಿಸಿ ನೋಡಿಯೇ ತನ್ನಿ. ಕೇಬಲ್ ಟೈ, ಡಕ್ಟ್ ಟೇಪು ಹಾರ್ಡ್‌ವೇರ್ ಅಂಗಡಿಯಲ್ಲಿ. ಪವರ್ ಬ್ಯಾಂಕ್ ಬಿಟ್ಟರೆ ಉಳಿದದ್ದೆಲ್ಲ ಸಾವಿರ ರೂಪಾಯಿಯ ಒಳಗೇ ಮುಗಿಯುತ್ತದೆ. ಆನ್‌ಲೈನಿನಲ್ಲಿ ಐವತ್ತು ಸಾಮಾನು ತುಂಬಿದ ರೆಡಿಮೇಡ್ ಕಿಟ್ ಕೊಳ್ಳಬೇಡಿ. ಅದರಲ್ಲಿರುವುದು ನಿಮ್ಮ ಅಗತ್ಯ ನೋಡಿ ಆರಿಸಿದ್ದಲ್ಲ, ಒಂದನ್ನೂ ನೀವು ಬಳಸಿ ನೋಡಿರುವುದಿಲ್ಲ.

ಅಪಘಾತದಲ್ಲಿ ಬಿದ್ದವರಿಗೆ ಸಹಾಯ ಮಾಡಿದರೆ ಪೊಲೀಸ್, ಕೋರ್ಟ್ ಅಂತ ಅಲೆಯಬೇಕಾ?

ಬೇಕಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. 108ಕ್ಕೆ ಕರೆ ಮಾಡಿ, ಕೈಗವಸು ಹಾಕಿಕೊಳ್ಳಿ, ರಕ್ತ ಬರುವ ಕಡೆ ಒತ್ತಿ ಹಿಡಿಯಿರಿ. ಹೆಲ್ಮೆಟನ್ನು ಎಳೆದು ತೆಗೆಯಬೇಡಿ, ಉಸಿರಾಟಕ್ಕೆ ಅಡ್ಡಿಯಾಗಿದ್ದರೆ ಮಾತ್ರ, ಇಬ್ಬರು ಸೇರಿ, ಕತ್ತು ಅಲುಗದಂತೆ ತೆಗೆಯಬೇಕು.

ವಿಮಾನದಲ್ಲಿ ಕಿಟ್ ಒಯ್ಯಬಹುದಾ?

ದೇವನಹಳ್ಳಿಗೆ ಹೊರಡುವ ಮೊದಲೇ ಪೌಚು ಬಿಚ್ಚಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ. 10,000 ಎಂಎಎಚ್ ಅಂದರೆ 37 ವ್ಯಾಟ್-ಅವರ್, ಮಿತಿ 100, ಚಿಂತೆಯಿಲ್ಲ. ಲೈಟರು, ಬೆಂಕಿಪೊಟ್ಟಣ ಎರಡರಲ್ಲೂ ನಿಷಿದ್ಧ. ಚಾಕು, ಗಾಜು ಒಡೆಯುವ ಪಂಚು ಇದ್ದರೆ ಮನೆಯಲ್ಲೇ ಬಿಡಿ.

ಎಷ್ಟು ದಿನಕ್ಕೊಮ್ಮೆ ತೆಗೆದು ನೋಡಬೇಕು?

ವರ್ಷಕ್ಕೆ ಎರಡು ಸಲ, ಹಬ್ಬಕ್ಕೆ ಗಂಟು ಹಾಕಿಕೊಂಡರೆ ಮರೆಯುವುದಿಲ್ಲ. ಯುಗಾದಿಗೆ ಒಮ್ಮೆ, ಬೇಸಿಗೆ ಮಳೆ ಶುರುವಾಗುವ ಮುಂಚೆ. ಆಯುಧಪೂಜೆಗೆ ಇನ್ನೊಮ್ಮೆ, ಹೇಗೂ ಆವತ್ತು ಗಾಡಿ ತೊಳೆದು ಸಾಮಾನೆಲ್ಲ ಒರೆಸುತ್ತೇವೆ. ಪೌಚನ್ನು ಹಾಸಿಗೆಯ ಮೇಲೆ ಪೂರ್ತಿ ಸುರಿದು ಒಂದೊಂದೇ ಕೈಗೆತ್ತಿಕೊಳ್ಳಿ. ಮಾತ್ರೆಯ ತಾರೀಖು ನೋಡಿ. ಅಂಟುಪಟ್ಟಿಯೊಂದನ್ನು ಕೈಗೆ ಅಂಟಿಸಿ ನೋಡಿ, ಹಳೆಯದಾದರೆ ಹಿಡಿಯುವುದಿಲ್ಲ. ಕೈಗವಸು ಎಳೆದು ನೋಡಿ, ರಬ್ಬರು ಒಣಗಿದ್ದರೆ ಹರಿಯುತ್ತದೆ. ಒಆರ್‌ಎಸ್ ಪುಡಿ ಗಟ್ಟಿಯಾಗಿದ್ದರೆ ಎಸೆಯಿರಿ. ಪವರ್ ಬ್ಯಾಂಕನ್ನು ಮಾತ್ರ ಹಬ್ಬದವರೆಗೆ ಬಿಡಬೇಡಿ, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ. ಚಿಕ್ಕಿ ತಿಂದು ಹೊಸದು ಇಡಿ. ಬಳಸಿದ್ದೇನಾದರೂ ಇದ್ದರೆ ಆವತ್ತು ರಾತ್ರಿಯೇ ತುಂಬಿಸಿಡಬೇಕು, ಹಬ್ಬ ಬರಲಿ ಅಂತ ಕಾಯುವಂತಿಲ್ಲ. ಮೊದಲ ಎಕ್ಸ್‌ಪೈರಿ ಯಾವ ತಿಂಗಳಲ್ಲಿದೆಯೋ ಅದನ್ನು ಮೈಕ್ರೋಪೋರ್ ಟೇಪಿನ ತುಂಡಿನ ಮೇಲೆ ಬರೆದು ಪೌಚಿನ ಹೊರಗೆ ಅಂಟಿಸಿ.